ಹುಲ್ಲಿನ ಮೇಲೆ ಕೂಡಬಾರದು

ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ನಾನು ಹೊರಗೆ ಬಿದ್ದ ದಿನ ನಮ್ಮೂರಿನಲ್ಲಿ ಯಾರಿಗಾದರೂ ಏನಾದರೂ ಆಗಿಯೇ ತೀರುತ್ತದೆ. ಹೆಚ್ಚಿನ ಸಲ ಅದು ನನಗೇ ಆಗುತ್ತದೆ. ಇದಕ್ಕೆ ಕಾರಣ ಹುಡುಕುವುದನ್ನು ಬಿಟ್ಟು ಬಹಳ ದಿನಗಳಾದವು.

ಧಾರವಾಡದಲ್ಲಿ ಎರಡು ವರ್ಷ ತತ್ವಶಾಸ್ತ್ರ ಓದಿದೆ. ಕಣ್ಣಿಗೆ ಕಾಣುವುದು ನಿಜವಾಗಿ ಇದೆಯೋ, ಬರೀ ಇದ್ದಂತೆ ತೋರುತ್ತದೆಯೋ ಎಂಬುದು ಅಲ್ಲಿಯ ಮುಖ್ಯ ಚರ್ಚೆ. ಈಗ ಬಸ್ ನಿಲ್ದಾಣದ ಎದುರು ಫೋಟೋ ಸ್ಟುಡಿಯೋ ಇಟ್ಟಿದ್ದೇನೆ. ತಮ್ಮ ಪಾಸ್‌ಪೋರ್ಟ್ ಅಳತೆಯ ಫೋಟೋ ನೋಡಿ ‘ಇದು ನಾ ಅಲ್ರಿ’ ಎನ್ನುವವರ ಜೊತೆ ಅದೇ ಚರ್ಚೆ ದಿನವೂ ನಡೆಯುತ್ತದೆ. ಓದಿದ್ದು ವ್ಯರ್ಥವಾಯಿತು ಎಂದು ಯಾರೂ ಹೇಳುವಂತಿಲ್ಲ.

ಸಂಕ್ರಾಂತಿ ಮುಗಿದು ಒಂದು ವಾರವಾಗಿತ್ತು. ಊರ ಕಚೇರಿಯ ಇಂಜಿನಿಯರ್ ಸಾಹೇಬರು ಸ್ಟುಡಿಯೋಕ್ಕೆ ಬಂದರು.

‘ಹಳ್ಳದ ದಂಡಿ ಉದ್ಯಾನದ್ದು ಹತ್ತು ಫೋಟೋ ಬೇಕ್ರಿ. ಫೋಟೋದಾಗ ಮಂದಿ ಇರಬೇಕು. ನಗಬೇಕು. ಅವಸರ ಮಾಡಬ್ಯಾಡ್ರಿ, ಇಡೀ ದಿನ ಅಲ್ಲೇ ಆರಾಮಾಗಿ ಇದ್ದು ತಗೀರಿ. ನಿಮಗೂ ಒಂದ ಪಿಕ್ನಿಕ್ ಆದಂಗ ಆಕ್ಕೈತಿ.’

‘ಆ ಉದ್ಯಾನದಾಗ ಮಂದಿ ಎಲ್ಲಿ ಅದಾರ್ರಿ?’

‘ಇಲ್ಲ. ಅದಕ್ಕ ನಿಮ್ಮ ಕಡೆ ಬಂದೇನಿ.’

ವಿಷಯ ಇಷ್ಟು. ಉದ್ಯಾನವನ್ನು ಯಾರಾದರೂ ಬಳಸುತ್ತಾರೋ ಇಲ್ಲವೋ ಎಂದು ಮೇಲಿನ ಕಚೇರಿ ಕೇಳಿತ್ತು. ಬಳಸುತ್ತಾರೆ ಎಂದರೆ ಉದ್ಯಾನ ಉಳಿಯುತ್ತದೆ. ಇಲ್ಲವೆಂದರೆ ಹುಲ್ಲು ಕಿತ್ತು, ಜಲ್ಲಿ ಹಾಕಿ, ಟಂಟಂ ಆಟೋಗಳ ನಿಲ್ದಾಣ ಮಾಡುತ್ತಾರೆ. ಸಾಕ್ಷಿಯಾಗಿ ಹತ್ತು ಫೋಟೋ ಬೇಕು. ಇದ್ದದ್ದನ್ನು ಇಲ್ಲವೆಂದು ಸಾಧಿಸುವುದನ್ನು ನಾನು ಓದಿದ್ದೆ. ಇಲ್ಲದ್ದನ್ನು ಇದೆ ಎಂದು ತೋರಿಸುವುದು ಮೊದಲ ಸಲ.

ಒಪ್ಪಿಕೊಂಡೆ. ಸ್ಟುಡಿಯೋದಲ್ಲಿ ಆ ವಾರ ಬೇರೆ ಕೆಲಸವೂ ಇರಲಿಲ್ಲ.

ಗೇಟು

ಫೋಟೋಕ್ಕೆ ಬೆಳಗಿನ ಬೆಳಕು ಬೇಕು. ಆರೂವರೆಗೆ ಹೋದೆ. ಗೇಟಿಗೆ ಬೀಗ. ಒಳಗೆ ಮಾಲಿ ಕಾಕಾ ಪೈಪು ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದರು.

ಈ ಕಾಕಾನ ಬಗ್ಗೆ ಎರಡು ಮಾತು. ಖಾಕಿ ಅಂಗಿ, ಖಾಕಿ ಟೊಪ್ಪಿಗೆ, ಕೊರಳಲ್ಲಿ ದಾರ ಕಟ್ಟಿದ ಸೀಟಿ. ಇವರ ತಾಯಿ ನವಲಗುಂದದವರು, ಜಮಖಾನೆ ನೇಯುತ್ತಿದ್ದವರು. ಮಗನಿಗೆ ಮಗ್ಗದ ಕೆಲಸ ಹತ್ತಲಿಲ್ಲ, ಬಣ್ಣ ಹೊಂದಿಸುವ ಕಣ್ಣು ಮಾತ್ರ ಹತ್ತಿತು. ಹಳ್ಳದ ದಂಡೆಯ ಆ ಕಲ್ಲು ನೆಲದಲ್ಲಿ ಒಂದಲ್ಲ, ಎಂಟು ಮನೆಯಂಗಳದಷ್ಟು ಹಸಿರು ಹುಲ್ಲು ಬೆಳೆಸಿದ್ದಾರೆ. ಅಂಚಿಗೆ ಕೆಂಪು ಎಲೆಯ ಗಿಡ. ಮೂಲೆಗೊಂದು ದಾಸವಾಳ. ನಡುವೆ ಒಂದು ಬೋರ್ಡು: ‘ಹುಲ್ಲಿನ ಮೇಲೆ ಕೂಡಬಾರದು’. ಯಾರಾದರೂ ಹುಲ್ಲಿನ ಕಡೆ ಕಾಲು ತಿರುಗಿಸಿದರೆ ಸಾಕು, ಸೀಟಿ. ಕೂತರೆ ಸೀಟಿ ಹೊಡೆಯುತ್ತಲೇ ಓಡಿಬರುತ್ತಾರೆ. ಉದ್ಯಾನ ಬಿಕೋ ಎನ್ನಲು ಬೇರೆ ಕಾರಣ ಬೇಕಿರಲಿಲ್ಲ.

‘ಕಾಕಾ, ಗೇಟ್ ತಗೀರಿ. ಫೋಟೋ ತಗಿಯೋದೈತಿ.’

‘ಹತ್ತಕ್ಕ ಬರ್ರಿ.’ ಬೋರ್ಡು ತೋರಿಸಿದರು. ಹತ್ತರಿಂದ ಐದು.

‘ಹತ್ತಕ್ಕ ಬೆಳಕ ಹೋಗತೈತಿ.’

‘ಹತ್ತಕ್ಕ ಬೆಳಕ ಹೋಗತೈತೇನ್ರಿ?’ ಅವರು ಆಕಾಶ ನೋಡಿದರು. ‘ಇನ್ನ ಚಲೋತ್ನ್ಯಾಗ ಬರ್ತೈತಲ್ಲ.’

ಇವರ ಮಗಳ ಮದುವೆಯ ಫೋಟೋ ತೆಗೆದವನು ನಾನು. ಆ ಸಲುಗೆ ಗೇಟಿನವರೆಗೂ ಬರಲಿಲ್ಲ. ನನ್ನ ಹಿಂದೆ, ರಸ್ತೆಯ ಮೇಲೆ, ಬೆಳಗಿನ ವಾಕಿಂಗಿನವರು ಉದ್ಯಾನದ ಸುತ್ತ ಹೊರಗಿನಿಂದಲೇ ಸುತ್ತು ಹಾಕುತ್ತಿದ್ದರು. ಒಳಗೆ ಬಿಟ್ಟರೆ ತಾನೆ ಒಳಗೆ ಸುತ್ತುವುದು.

ಕೊನೆಗೆ ವಿಷಯ ಬಿಚ್ಚಿ ಹೇಳಿದೆ. ಮೇಲಿನ ಕಚೇರಿ, ಹತ್ತು ಫೋಟೋ, ಮಂದಿ, ಇಲ್ಲವಾದರೆ ಟಂಟಂ. ಕಾಕಾ ಪೈಪನ್ನು ಕೆಳಗೆ ಇಟ್ಟರು. ನೀರು ಅವರ ಚಪ್ಪಲಿಯ ಮೇಲೆ ಹರಿಯಿತು.

‘ಟಂಟಂ? ಇಲ್ಲಿ? ಇದರ ಮ್ಯಾಲೆ?’

‘ಹೌದ್ರಿ.’

‘ಅವು ಎಣ್ಣಿ ಸೋರತಾವ್ರಿ.’

ಉದ್ಯಾನ ಹೋಗುತ್ತದೆ, ಅದರ ಹಿಂದೆ ತಮ್ಮ ಕೆಲಸ ಹೋಗುತ್ತದೆ ಎಂಬುದು ಅವರಿಗೆ ಹೊಳೆದಂತೆ ಕಾಣಲಿಲ್ಲ. ಎಣ್ಣೆ ಸೋರುವುದು ಮಾತ್ರ ಹೊಳೆದಿತ್ತು. ಬೀಗ ತೆಗೆದರು.

‘ಬರ್ರಿ, ಒಳಗ ಬರ್ರಿ. ಎಷ್ಟ ಬೇಕಾದಷ್ಟ ತಗೀರಿ. ಮಂದೀನ ನಾ ಕರೀತೇನಿ,’ ಎಂದರು. ನಾನು ಕಾಲಿಟ್ಟೆ. ‘ಆದ್ರ ಹುಲ್ಲಿನ ಬಾಜು ಎಲ್ಲೂ ನಿಂದ್ರಬ್ಯಾಡ್ರಿ.’

ಸಹಜವಾಗಿ

ಕಾಕಾ ಮಾತಿಗೆ ತಪ್ಪುವವರಲ್ಲ. ರಸ್ತೆಗೆ ಹೋಗಿ ವಾಕಿಂಗಿನವರಲ್ಲಿ ಐದು ಜನ ನಿವೃತ್ತರನ್ನು ಹಿಡಿದು ತಂದರು. ಒಬ್ಬರು ಹೆಡ್‌ಮಾಸ್ತರಾಗಿದ್ದವರು, ಉಳಿದವರು ಅವರ ಮಾತು ಕೇಳಿಕೊಂಡು ನಡೆಯುವವರು.

‘ಏನಿಲ್ರಿ ಸರ್, ಕಟ್ಟಿ ಬಾಜು ಸಹಜವಾಗಿ ನಡಕೋತ ಬರ್ರಿ. ಕ್ಯಾಮೆರಾ ಇಲ್ಲ ಅಂತ ತಿಳಕೋರಿ,’ ಎಂದೆ.

ಐದು ನಿಮಿಷದ ಹಿಂದೆ ರಸ್ತೆಯಲ್ಲಿ ಕೈ ಬೀಸಿಕೊಂಡು, ಕಡಲೆ ಬೆಳೆಯ ಬಗ್ಗೆ ಜಗಳವಾಡುತ್ತ, ಒಬ್ಬರ ಬೆನ್ನಿಗೊಬ್ಬರು ಗುದ್ದುತ್ತ ನಡೆಯುತ್ತಿದ್ದವರು ಇವರೇ. ಈಗ ಸಾಲಾಗಿ ನಿಂತರು. ಮಫ್ಲರು ತೆಗೆದರು. ಅಂಗಿಯ ಗುಂಡಿ ಹಾಕಿಕೊಂಡರು. ಹೆಡ್‌ಮಾಸ್ತರು ‘ಹೂಂ’ ಎಂದರು. ಐದೂ ಎಡಗಾಲು ಒಮ್ಮೆಲೆ ಎದ್ದವು.

ಸ್ವಾತಂತ್ರ್ಯ ದಿನಾಚರಣೆಯ ಫೋಟೋ ಬಂತು.

‘ಸಹಜವಾಗಿ ಸರ್.’

‘ಇದಕಿಂತ ಸಹಜ ಹೆಂಗ ನಡೀಬೇಕ್ರಿ?’ ಹೆಡ್‌ಮಾಸ್ತರಿಗೆ ಸಿಟ್ಟು ಬಂತು.

ಬೆಂಚಿನ ಮೇಲೆ ಕೂಡಿಸಿ ನೋಡಿದೆ. ಯಾರು ನಡುವೆ ಕೂಡಬೇಕು ಎಂಬ ಪ್ರಶ್ನೆ ಎದ್ದಿತು. ಮೊದಲು ನಿವೃತ್ತರಾದವರು ನಡುವೆ ಎಂದು ತೀರ್ಮಾನವಾಯಿತು. ಕೂತರು. ಮೊಳಕಾಲ ಮೇಲೆ ಅಂಗೈ ಇಟ್ಟರು. ನಗಿರಿ ಎಂದೆ. ಯಾರೂ ನಗಲಿಲ್ಲ. ನಕ್ಕರೆ ಹಲ್ಲಿನ ಸೆಟ್ಟು ಕಾಣುತ್ತದೆ ಎಂದು ಒಬ್ಬರು ಕಾರಣ ಕೊಟ್ಟರು. ಇನ್ನೊಬ್ಬರು, ಸರ್ಕಾರಿ ಫೋಟೋದಲ್ಲಿ ನಗುವುದು ಸೇವಾ ನಿಯಮಕ್ಕೆ ವಿರುದ್ಧ ಎಂದರು. ನಿವೃತ್ತರಾದ ಮೇಲೂ ಆ ನಿಯಮ ಅವರನ್ನು ಬಿಟ್ಟಿರಲಿಲ್ಲ.

ಎಲ್ಲರೂ ಎದ್ದು ಹೋದ ಮೇಲೆ ಹೆಡ್‌ಮಾಸ್ತರು ಹಿಂದೆ ಉಳಿದರು. ದನಿ ತಗ್ಗಿಸಿ ಹೇಳಿದರು:

‘ನಂದೊಂದ ಬ್ಯಾರೆ ತಗದ ಇಡ್ರಿ. ಶ್ರದ್ಧಾಂಜಲಿ ಬ್ಯಾನರಿಗೆ.’

‘ಯಾರದ್ರಿ ಶ್ರದ್ಧಾಂಜಲಿ?’

‘ನಂದ. ಈಗ ಅವಸರ ಇಲ್ಲ. ಆದ್ರ ನಮ್ಮ ಹುಡುಗೂರ ಮ್ಯಾಲೆ ನನಗ ಭರೋಸಾ ಇಲ್ಲ. ಓಟಿನ ಕಾರ್ಡಿನ ಫೋಟೋ ದೊಡ್ಡದ ಮಾಡಿ ಚೌಕಿಗೆ ಕಟ್ಟಿಬಿಡತಾರ. ಆ ಮುಖಾ ನೋಡಿದ್ರ ಮಂದಿ ಸತ್ತದ್ದ ಚಲೋ ಆತು ಅಂತಾರ.’

ತೆಗೆದೆ. ದಾಸವಾಳದ ಮುಂದೆ, ಓರೆ ಬೆಳಕಿನಲ್ಲಿ. ಅವರು ತಾವಾಗಿಯೇ ಮುಗುಳ್ನಕ್ಕರು. ಇಡೀ ಬೆಳಗಿನಲ್ಲಿ ಸಹಜವಾಗಿ ಬಂದ ಫೋಟೋ ಅದೊಂದೇ. ಕಚೇರಿಗೆ ಕೊಡುವಂತಿರಲಿಲ್ಲ.

ಬ್ಯಾಂಕಿಗೆ ಹೋದವರು

ಹನ್ನೊಂದಕ್ಕೆ ಒಂದು ಜೋಡಿ ಬಂತು. ಇಪ್ಪತ್ತೈದರ ಹುಡುಗ, ಹಸಿರು ಸೀರೆಯ ಹುಡುಗಿ, ಕೈಯಲ್ಲಿ ಗಿರ್ಮಿಟ್ ಚುರುಮುರಿ ಕಟ್ಟಿದ ಪೇಪರು. ಕಾಕಾನ ಮುಖ ಅರಳಿತು. ನನ್ನ ಕಡೆ ನೋಡಿ ಕಣ್ಣು ಹೊಡೆದರು. ಆ ವಯಸ್ಸಿನಲ್ಲಿ ಅದು ಚೆನ್ನಾಗಿರಲಿಲ್ಲ.

ಜೋಡಿ ಮೂಲೆಯ ಬೆಂಚಿನಲ್ಲಿ ಕೂತು ಪೇಪರು ಬಿಚ್ಚಿತು. ಹುಡುಗಿ ಹಸಿಮೆಣಸಿನಕಾಯಿ ಕಡಿದು ಬಾಯಿ ಸುಟ್ಟುಕೊಂಡಳು, ಹುಡುಗ ನಕ್ಕ. ಇದೇ ಫೋಟೋ. ನಾನು ಕ್ಯಾಮೆರಾ ಎತ್ತಿದೆ. ಇಬ್ಬರೂ ಬೆಂಚಿನ ಹಿಂದೆ ಮಾಯ.

ಹತ್ತಿರ ಹೋದೆ. ಹುಡುಗ ಕೈ ಮುಗಿದ.

‘ಬ್ಯಾಡ್ರಿ ಸರ. ನಾವು ಗಂಡಾ ಹೆಂಡ್ತಿ ಅದೀವ್ರಿ.’

‘ಗಂಡ ಹೆಂಡ್ತಿ ಆದ್ರ ಯಾಕ ಅಡಗಾಕತ್ತೀರಿ?’

‘ಅದಕ್ಕ ಅಡಗಾಕತ್ತೀವ್ರಿ. ಮನ್ಯಾಗ ಹದಿನೇಳ ಮಂದಿ ಅದಾರ. ಗುಡಗೇರಿಯಿಂದ ಬ್ಯಾಂಕಿನ ಕೆಲಸ ಐತಿ ಅಂತ ಹೇಳಿ ಬಂದೇವಿ.’

‘ಯಾವ ಕೆಲಸ?’

‘ಇವಳ ಸಹಿ ಬೇಕಂತ ಹೇಳೇನ್ರಿ. ಮೂರ ತಿಂಗಳಾತು, ವಾರಕ್ಕೊಮ್ಮೆ ಇವಳ ಸಹಿ ಬೇಕಾಗೈತಿ.’

ಬೆನ್ನ ಕಡೆಯಿಂದ ತೆಗೆಯುತ್ತೇನೆ, ಮುಖ ಕಾಣುವುದಿಲ್ಲ ಎಂದೆ. ಹುಡುಗ ಒಪ್ಪಿದ. ಹುಡುಗಿ ಬೆಂಚಿನ ಹಿಂದಿನಿಂದಲೇ ಹೇಳಿದಳು: ‘ಸೀರಿ ಅತ್ತಿಯವರ್ದೈತ್ರಿ.’

ಇಬ್ಬರೂ ಮರದ ನೆರಳಿಗೆ ಸರಿದು ಕೂತರೆ ಸೀರೆಯ ಬಣ್ಣವೂ ತಿಳಿಯುವುದಿಲ್ಲ ಎಂದು ನಾನೇ ಉಪಾಯ ಹೇಳಿದೆ. ನೆರಳಿರುವುದು ಹುಲ್ಲಿನ ಮೇಲೆ. ಅವರು ಹೋಗಿ ಕೂತರು. ನಾನು ಒಂದು ಕಣ್ಣು ಮುಚ್ಚಿದೆ. ಬೆರಳು ಗುಂಡಿಯ ಮೇಲಿತ್ತು.

ಸೀಟಿ!

ಕಾಕಾ ಓಡಿಬಂದರು. ಬಂದ ಮೇಲೆ ತಾವೇನು ಮಾಡಿದೆವೆಂದು ಅವರಿಗೆ ತಿಳಿಯಿತು. ಜೋಡಿ ಆಗಲೇ ಗೇಟು ದಾಟಿತ್ತು. ಗಿರ್ಮಿಟ್ ಬೆಂಚಿನ ಮೇಲೆ ಉಳಿದಿತ್ತು.

‘ಕಾಕಾ, ಅವರನ್ನ ಯಾಕ ಓಡಿಸಿದ್ರಿ?’

‘ನಾ ಓಡಿಸಲಿಲ್ರಿ,’ ಎಂದರು ಕಾಕಾ, ಸೀಟಿಯನ್ನು ಅಪರಾಧಿಯಂತೆ ನೋಡುತ್ತ. ‘ಇದು ತಾನ ಊದಿಕೊಂತು.’

ನದಿ

ಮಧ್ಯಾಹ್ನ ಇಂಜಿನಿಯರ್ ಸಾಹೇಬರ ಫೋನು. ಎಷ್ಟಾದವು ಎಂದರು. ಐದು ನಿವೃತ್ತರ ಕವಾಯತು ಮತ್ತು ಒಂದು ಖಾಲಿ ಬೆಂಚು ಎಂದೆ.

‘ಇರಲಿ. ನದಿ ಒಂದರ ಚಲೋ ತಗೀರಿ. ಕಡತದಾಗ ನದಿ ತೀರದ ಉದ್ಯಾನ ಅಂತ ಬರದೈತಿ.’

ನಮ್ಮ ಹಳ್ಳವನ್ನು ನದಿ ಎಂದು ಕರೆಯುವುದು ಕಡತ ಮತ್ತು ಮಳೆಗಾಲ ಎರಡೇ. ಮಳೆಗಾಲದಲ್ಲಿ ಅದು ಎರಡು ದಿನ ಸೇತುವೆ ಮೇಲೆ ಹರಿದು ಊರಿಗೆ ಗೌರವ ತರುತ್ತದೆ. ಉಳಿದ ದಿನ ಜಾಲಿಕಂಟಿಯ ನಡುವೆ ಪಾದ ತೋಯುವಷ್ಟು ನೀರು. ಆ ನೀರಿನಲ್ಲಿ ಆ ಹೊತ್ತಿಗೆ ಮೂರು ಎಮ್ಮೆ ಮಲಗಿದ್ದವು. ಅವುಗಳ ಒಡತಿ ದಂಡೆಯ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದಳು.

‘ಅಕ್ಕಾರ, ಎಮ್ಮಿ ಸ್ವಲ್ಪ ಬಾಜು ಸರಸ್ರಿ. ನೀರಿನ ಫೋಟೋ ಬೇಕಾಗೈತಿ.’

‘ಎಮ್ಮಿ ಸರಿಸಿದ್ರ ನೀರ ಎಲ್ಲೈತೋ ಯಪ್ಪಾ? ಅವು ಕುಂತಾವಂತ ಅಷ್ಟ ಮ್ಯಾಲ ಬಂದೈತಿ.’

ಪರೀಕ್ಷಿಸಿ ನೋಡಿದೆ. ಮಾತು ನಿಜ. ಎಮ್ಮೆ ಎದ್ದರೆ ನದಿ ನಾಲ್ಕು ಬೆರಳು ಇಳಿಯುತ್ತಿತ್ತು. ಎಮ್ಮೆಗಳನ್ನು ಬಿಟ್ಟು ನದಿಯನ್ನಷ್ಟೇ ಹಿಡಿಯಲು ಕೆಸರಿನಲ್ಲಿ ಬೋರಲಾಗಿ ಮಲಗಿದೆ. ವಿಶ್ವವಿದ್ಯಾಲಯದಲ್ಲಿ ಯಾರೂ ಇದನ್ನು ಮುಂಚಿತವಾಗಿ ಹೇಳಿರಲಿಲ್ಲ.

ಅವಳು ಎದ್ದು ಬಂದು ಮೇಲಿನಿಂದ ನೋಡಿದಳು.

‘ಹೆಂಗೂ ಮಲಗೀದಿ. ಆ ನಡುವಿನ ಎಮ್ಮೀದೂ ಒಂದ ತಗದ ಬಿಡು. ಮಾರೋದೈತಿ. ವಾಟ್ಸ್ಯಾಪಿಗೆ ಹಾಕಬೇಕಂತ ನನ್ನ ಮಗಳು ಹೇಳ್ಯಾಳ. ಕೆಚ್ಚಲ ಕಾಣಬೇಕು, ಕೋಡ ಕಾಣಬೇಕು, ವಯಸ್ಸ ಕಾಣಬಾರದು.’

ತೆಗೆದೆ. ಎಮ್ಮೆ ಎದ್ದು ನಿಂತು, ಮುಖವನ್ನು ಅರ್ಧ ತಿರುಗಿಸಿ, ಕಿವಿ ಮುಂದೆ ಮಾಡಿ, ನನ್ನನ್ನು ನೋಡಿತು. ಒಮ್ಮೆಯೂ ಹೇಳಬೇಕಾಗಲಿಲ್ಲ. ನಮ್ಮೂರಿನಲ್ಲಿ ಕ್ಯಾಮೆರಾ ಮುಂದೆ ಸಹಜವಾಗಿ ನಿಲ್ಲಬಲ್ಲ ಜೀವ ಕೊನೆಗೂ ಸಿಕ್ಕಿತು.

ಕುಬುಸದ ಬುಟ್ಟಿ

ನಾಲ್ಕು ಗಂಟೆ. ಗೇಟಿನ ಬಳಿ ಕಟ್ಟೆಯ ಮೇಲೆ ನಾನು ಮತ್ತು ಕಾಕಾ ಕೂತಿದ್ದೆವು. ನನ್ನ ಪ್ಯಾಂಟಿನ ಕೆಸರು ಒಣಗಿತ್ತು. ಐದಕ್ಕೆ ಗೇಟು ಮುಚ್ಚಬೇಕು. ನಗುವ ಮಂದಿಯ ಒಂದು ಫೋಟೋ ಕೂಡ ಇಲ್ಲ.

‘ಖರೇ ಹೇಳ್ರಿ,’ ಎಂದರು ಕಾಕಾ. ‘ನಾ ಸೀಟಿ ಹೊಡೀತೇನಂತ ಮಂದಿ ಬರೋದಿಲ್ಲೇನು?’

‘ಹೌದ್ರಿ.’

ಸುಳ್ಳು ಹೇಳಬಹುದಿತ್ತು. ದಣಿವಾಗಿತ್ತು.

ಕಾಕಾ ಹುಲ್ಲಿನ ಕಡೆ ತಿರುಗಿದರು. ‘ನಮ್ಮವ್ವ ಜಮಖಾನಿ ನೇದ ಮುಗಿಸಿದ ದಿನಾ ಅದರ ಮ್ಯಾಲೆ ಯಾರನ್ನೂ ಕುಂದ್ರಸತಿರಲಿಲ್ರಿ. ಮೊದಲ ಒಮ್ಮೆ ಕಣ್ತುಂಬ ನೋಡ್ರೀ ಅನ್ನಾಕಿ. ನಾ ದಿನಾ ನೋಡ್ತೇನಿ. ನೋಡಿ ಮುಗಿಯೂದ ಇಲ್ಲ.’

ಆಗ ಗೇಟಿನ ಹೊರಗೆ ‘ಟಪ್’ ಎಂದು ಸದ್ದಾಯಿತು. ಟೆಂಪೋ ಒಂದರ ಗಾಲಿ ಪಂಕ್ಚರು. ಹಿಂದಿನ ಬಾಗಿಲು ತೆರೆಯಿತು. ಹೆಂಗಸರು ಇಳಿದರು. ಇಳಿಯುತ್ತಲೇ ಇದ್ದರು. ಆ ಟೆಂಪೋದಲ್ಲಿ ಅಷ್ಟು ಜನ ಹಿಡಿಯಲು ಸಾಧ್ಯವಿಲ್ಲವೆಂದು ನಾನು ತರ್ಕದಿಂದ ಸಾಧಿಸಬಲ್ಲೆ. ಆದರೂ ಇಪ್ಪತ್ತೆಂಟು ಜನ ಇಳಿದರು. ಸಂಶಿ ಊರಿನವರು. ಬಸುರಿ ಮಗಳಿಗೆ ಕುಬುಸ, ಅಂದರೆ ಸೀಮಂತ, ಮಾಡಿಸಲು ಬೀಗರ ಊರಿಗೆ ಹೋಗಿ, ಮರಳಿ ಹೊರಟವರು. ಕುಬುಸಕ್ಕೆ ತುಂಬಿಕೊಂಡು ಹೋದ ಬುಟ್ಟಿಯನ್ನು ಬೀಗರು ಖಾಲಿ ಕಳಿಸುವಂತಿಲ್ಲ. ಆದ್ದರಿಂದ ಬುಟ್ಟಿಗಳು ಹೋಗುವಾಗ ಇದ್ದುದಕ್ಕಿಂತ ಭಾರವಾಗಿದ್ದವು.

ಕಾಕಾ ಎದ್ದು ನಿಂತರು. ‘ಬರ್ರಿ, ಬರ್ರಿ! ಒಳಗ ಬರ್ರಿ! ನೀರ ಐತಿ, ನೆರಳೈತಿ!’ ಅವರ ಬಾಯಲ್ಲಿ ಆ ಮಾತು ಎಂದೂ ಬಂದಿರಲಿಲ್ಲ. ಬೇರೆ ಯಾರೋ ಮಾತಾಡಿದಂತಿತ್ತು.

ಹೆಂಗಸರು ಬಂದರು. ಬೆಂಚುಗಳನ್ನು ದಾಟಿದರು. ಕಟ್ಟೆ ದಾಟಿದರು. ನೇರವಾಗಿ ಹುಲ್ಲಿಗೆ ಹೋಗಿ, ಬೋರ್ಡಿನ ಕೆಳಗೆ ಬುಟ್ಟಿ ಇಳಿಸಿದರು.

ಕಾಕಾ ಬೆನ್ನು ಹತ್ತಿದರು. ‘ಅಕ್ಕಾರ, ಅಲ್ಲೆ ಬೆಂಚ್ ಅದಾವ್ರಿ!’

‘ಬೆಂಚಿನ ಮ್ಯಾಲೆ ಸಾಲಾಗಿ ಕುಂತ ರೊಟ್ಟಿ ತಿನ್ನಾಕ ನಾವೇನ ದವಾಖಾನಿಗೆ ಬಂದೇವೇನು?’ ಎಂದಳು ಎಲ್ಲರಿಗಿಂತ ಹಿರಿಯಳಾದ ಒಬ್ಬ ಅಜ್ಜಿ. ದೊಡ್ಡ ಮೈ, ದೊಡ್ಡ ದನಿ. ಕೂತೇ ಬಿಟ್ಟಳು. ಅವಳ ಹಿಂದೆ ಇಪ್ಪತ್ತೇಳು ಜನ ಕೂತರು.

‘ಯವ್ವಾ, ಇದು ಬರೇ ಹುಲ್ಲಲ್ರಿ. ಜಮಖಾನಿ ಇದ್ದಂಗ ಇಟ್ಟೇನ್ರಿ.’

‘ಹೌದಾ? ಜಮಖಾನಿ ಎದಕ್ಕ ಹಾಸತಾರ ನಿಮ್ಮ ಮನ್ಯಾಗ? ಸುತ್ತಲೂ ನಿಂತು ನೋಡಾಕ?’

ವಾದದಲ್ಲಿ ಸೋತಾಗ ಕಾಕಾನ ಕೈ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತು. ಸೀಟಿ ಬಾಯಿಗೆ ಹೋಯಿತು. ಕೆನ್ನೆ ಉಬ್ಬಿತು. ನಾನು ದೂರದಿಂದ ಎರಡೂ ಕೈ ಬೀಸಿದೆ. ಇಪ್ಪತ್ತೆಂಟು ಹೆಂಗಸರು, ಓರೆ ಬಿಸಿಲು, ಬಣ್ಣ ಬಣ್ಣದ ಇಳಕಲ್ ಸೀರೆ, ಹಸಿರು ಹುಲ್ಲು. ಒಂದು ಸೀಟಿ ಬಿದ್ದರೆ ಎಲ್ಲ ಮುಗಿಯಿತು; ನಾಳಿದ್ದು ಇಲ್ಲಿ ಟಂಟಂ ನಿಲ್ಲುತ್ತವೆ. ಕಾಕಾಗೂ ಅದು ಗೊತ್ತಿತ್ತು. ಕಣ್ಣಲ್ಲಿ ನೀರಾಡುತ್ತಿತ್ತು. ಆದರೆ ಕೆನ್ನೆ ಇಳಿಯಲಿಲ್ಲ.

ಅಜ್ಜಿ ಕೂತಲ್ಲಿಂದಲೇ ಕೈ ಚಾಚಿದಳು. ಸೀಟಿಯ ದಾರ ಹಿಡಿದು ಎಳೆದಳು. ಸೀಟಿ ಹೊರಗೆ ಬಂತು, ಜೊತೆಗೆ ಕಾಕಾನೂ ಬಗ್ಗಿದರು. ತೆರೆದ ಬಾಯಿಗೆ ಅವಳು ಅರ್ಧ ಶೇಂಗಾ ಹೋಳಿಗೆ ತುರುಕಿದಳು.

‘ಅದನ್ನ ತಗದ ಇದನ್ನ ಇಟ್ಕೋರಿ. ಕುಬುಸದ ಹೋಳಿಗಿ. ಬ್ಯಾಡ ಅನಬಾರದು. ಕುಂದರ್ರಿ.’

ಬಾಯಿ ತುಂಬಿದ ಮನುಷ್ಯ ಊದಲಾರ, ವಾದಿಸಲಾರ. ಕಾಕಾ ಕುಳಿತರು. ಯಾರೋ ಅವರ ಟೊಪ್ಪಿಗೆ ತೆಗೆದು ಬದಿಗಿಟ್ಟರು, ಯಾರೋ ಬಿಸಿಲಿಗೆಂದು ತಲೆಗೆ ಟಾವೆಲ್ಲು ಹೊದಿಸಿದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಂತು, ಎಣ್ಣಿಗಾಯಿ ಬಂತು. ‘ನಮ್ಮ ಬಸುರಿ ಹುಡಿಗಿಗಿಂತ ಕಾಕಾಗ ಬಯಕಿ ಜಾಸ್ತಿ ಐತ್ರೆವಾ!’ ಎಂದು ಒಬ್ಬಳು ಕೂಗಿದಳು. ಇಪ್ಪತ್ತೆಂಟು ಜನ ನಕ್ಕರು. ಕಾಕಾ ತಾವೂ ನಕ್ಕರು, ಹೋಳಿಗೆಯ ಪುಡಿ ಹಾರುವ ಹಾಗೆ.

ನಾನು ಒಂದೇ ಸಮನೆ ಗುಂಡಿ ಒತ್ತಿದೆ. ನನ್ನನ್ನು ಯಾರೂ ನೋಡಲಿಲ್ಲ.

ಐದೂಕಾಲಿಗೆ ಗಾಲಿ ಸಿದ್ಧವಾಗಿ ಟೆಂಪೋ ಹೋಯಿತು. ಗೇಟು ಮುಚ್ಚುವ ಹೊತ್ತು ಮೀರಿ ಹದಿನೈದು ನಿಮಿಷವಾಗಿತ್ತು, ಅದನ್ನು ಕಾಕಾ ಗಮನಿಸಲೇ ಇಲ್ಲ. ಮೊಳಕಾಲೂರಿ ಹುಲ್ಲನ್ನು ಅಂಗೈಯಿಂದ ಸವರಿ ನೋಡುತ್ತಿದ್ದರು. ನಾನೂ ಹೋಗಿ ನೋಡಿದೆ. ಮಲಗಿದ ಹುಲ್ಲು ಒಂದೊಂದೇ ಏಳುತ್ತಿತ್ತು.

‘ಏನೂ ಆಗಿಲ್ಲಲ್ರಿ ಕಾಕಾ.’

‘ಏನೂ ಆಗಿಲ್ಲ,’ ಎಂದರು, ನಂಬಲಾರದೆ. ಆಮೇಲೆ ಬೋರ್ಡಿನ ಕೆಳಗೆ ದುಂಡಗೆ ತಗ್ಗು ಬಿದ್ದ ಒಂದು ಜಾಗವನ್ನು ತೋರಿಸಿದರು. ‘ಅಲ್ಲೆ ಆ ಅಜ್ಜಿ ಕುಂತಿದ್ರು. ಅದು ನಾಳೆ ಏಳತೈತಿ.’

ಆ ಮನುಷ್ಯ

ಹದಿನೈದು ದಿನದ ಮೇಲೆ ಕಾಕಾ ಒಂದು ಪತ್ರ ಹಿಡಿದು ಸ್ಟುಡಿಯೋಕ್ಕೆ ಬಂದರು. ಉದ್ಯಾನ ಉಳಿದಿತ್ತು. ಫೋಟೋ ನೋಡಿ ಮೇಲಿನವರಿಗೆ ತೃಪ್ತಿಯಾಗಿದೆ, ಸಾರ್ವಜನಿಕರು ಸಂತೋಷದಿಂದ ಬಳಸುತ್ತಿರುವುದು ಕಂಡುಬಂದಿದೆ, ಉದ್ಯಾನವನ್ನು ಹಾಗೆಯೇ ಮುಂದುವರಿಸತಕ್ಕದ್ದು ಎಂದಿತ್ತು.

‘ಚಲೋ ಆತಲ್ರಿ ಕಾಕಾ!’

‘ಕೆಳಗ ಓದ್ರಿ.’

ಕೆಳಗೆ ಎರಡನೆಯ ಅಂಶವಿತ್ತು. ಏಳನೆಯ ಫೋಟೋದಲ್ಲಿ ಒಬ್ಬ ವ್ಯಕ್ತಿ ‘ಹುಲ್ಲಿನ ಮೇಲೆ ಕೂಡಬಾರದು’ ಎಂಬ ಫಲಕದ ಸರಿಯಾಗಿ ಕೆಳಗೆ ಕುಳಿತು, ಬಾಯಿ ತುಂಬ ತಿನ್ನುತ್ತ, ನಿಯಮವನ್ನು ಗೇಲಿ ಮಾಡುವಂತೆ ನಗುತ್ತಿರುವುದು ಕಂಡುಬಂದಿದೆ. ಮಹಿಳೆಯರಿಗೆ ಓದಲು ಬಾರದೆ ತಪ್ಪಾಗಿರಬಹುದು. ಈತನನ್ನು ನೋಡಿದರೆ ಹಾಗೆ ಅನಿಸುವುದಿಲ್ಲ. ಇನ್ನು ಮುಂದೆ ಈ ವ್ಯಕ್ತಿಯನ್ನು ಉದ್ಯಾನದ ಒಳಗೆ ಬಿಡಬಾರದೆಂದು ಮಾಲಿಗೆ ಸೂಚಿಸಲಾಗಿದೆ. ಗುರುತಿಗಾಗಿ ಪ್ರತಿ ಲಗತ್ತಿಸಿದೆ.

ಪ್ರತಿ ಎಂದರೆ ಕಪ್ಪು ಬಿಳುಪಿನ ಜೆರಾಕ್ಸು. ತಲೆಗೆ ಟಾವೆಲ್ಲು, ಉಬ್ಬಿದ ಕೆನ್ನೆ, ಸುತ್ತಲೂ ಕೆಂಪು ಶಾಯಿಯ ದುಂಡು ಗೆರೆ. ಕಾಕಾನನ್ನು ಕೆಲಸಕ್ಕೆ ಇಟ್ಟವರು ಗುತ್ತಿಗೆದಾರರು. ಕಚೇರಿಯಲ್ಲಿ ಅವರ ಮುಖ ನೋಡಿದವರು ಯಾರೂ ಇರಲಿಲ್ಲ.

‘ಇದು ನೀವ ಅಲ್ಲೇನ್ರಿ?’

‘ನಾನ.’

‘ಹಂಗಾದ್ರ ಹೋಗಿ ಹೇಳ್ರಿ, ನಾನ ಮಾಲಿ ಅಂತ.’

‘ಹೇಳಿದ್ರ ಕಾಯಾಂವನ ಕುಂತಾನಂತ ನೌಕರಿ ತಗೀತಾರ. ಹೇಳದ ಒಳಗ ಹೋದ್ರ ಆರ್ಡರ್ ಮೀರಿದಂಗ ಆಗತೈತಿ.’

‘ಮತ್ತ ಏನ ಮಾಡ್ತೀರಿ?’

‘ವಿಚಾರ ಮಾಡೇನ್ರಿ. ನೌಕರಿನೂ ಮಾಡ್ತೇನಿ, ಒಳಗೂ ಹೋಗೂದಿಲ್ಲ.’

ತರ್ಕದಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಮರುವಾರ ಆ ಕಡೆ ಹೋದಾಗ ನೋಡಿದೆ. ಕಾಕಾ ಗೇಟಿನ ಹೊರಗೆ ಕುರ್ಚಿ ಹಾಕಿಕೊಂಡಿದ್ದರು. ಬೇಲಿಯ ಸಂದಿಯಿಂದ ಪೈಪು ಒಳಗೆ ಬಿಟ್ಟು ಹುಲ್ಲಿಗೆ ನೀರು ಹಾಯಿಸುತ್ತಿದ್ದರು. ದೂರದ ಮೂಲೆಗೆ ನೀರು ಮುಟ್ಟುವುದಿಲ್ಲವೆಂದು ಎಮ್ಮೆಯ ಒಡತಿಯನ್ನು ಬೇಡಿಕೊಂಡು ಅವಳಿಂದ ಅಲ್ಲಿ ಕೊಡದ ನೀರು ಸುರಿಸುತ್ತಿದ್ದರು. ಒಳಗೆ ಹುಲ್ಲಿನ ಮೇಲೆ ಜನ. ಕಾಲೇಜಿನ ಹುಡುಗಿಯರು, ಕಡಲೆ ಬೆಳೆಯ ಜಗಳ ಮುಂದುವರಿಸಿದ್ದ ಐವರು ನಿವೃತ್ತರು, ಮಗುವಿಗೆ ತುತ್ತು ಉಣಿಸುತ್ತಿದ್ದ ಒಬ್ಬ ತಾಯಿ. ಕಾಕಾ ಹೊರಗಿನಿಂದ ಸೀಟಿ ಹೊಡೆಯುತ್ತಿದ್ದರು. ರಸ್ತೆಯಿಂದ ಬರುವ ಸೀಟಿ ಪೊಲೀಸರದೆಂದು ತಿಳಿದು ಹುಲ್ಲಿನ ಮೇಲಿದ್ದವರು ಯಾರೂ ತಿರುಗಿ ನೋಡುತ್ತಿರಲಿಲ್ಲ. ಹಾದುಹೋಗುವ ಟಂಟಂಗಳು ಮಾತ್ರ ಗಕ್ಕನೆ ನಿಲ್ಲುತ್ತಿದ್ದವು.

‘ಹೆಂಗೈತ್ರಿ ಕಾಕಾ?’

‘ತುಂಬೇತ್ರಿ ನೋಡ್ರಿ,’ ಎಂದರು. ಸಂಕಟವೋ ಹೆಮ್ಮೆಯೋ ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಂತಿರಲಿಲ್ಲ.

ಅಷ್ಟರಲ್ಲಿ ಅವರ ಫೋನು ರಿಂಗಾಯಿತು. ಕಿವಿ ಮಂದವಾದ್ದರಿಂದ ಸ್ಪೀಕರಿಗೆ ಹಾಕಿದರು. ಕಚೇರಿಯ ಗುಮಾಸ್ತ. ಪತ್ರ ಮುಟ್ಟಿತೋ ಎಂದು ಕೇಳಿದ. ಮುಟ್ಟಿದೆ ಎಂದರು.

‘ಆ ಮನಷ್ಯಾ ಮತ್ತ ಬಂದಿದ್ದನೇನು?’

ಕಾಕಾ ಕುರ್ಚಿಯಿಂದ ಎದ್ದು ನಿಂತರು. ಟೊಪ್ಪಿಗೆ ಸರಿಮಾಡಿಕೊಂಡರು.

‘ದಿನಾ ಬರ್ತಾನ್ರೀ ಸಾಹೇಬ್ರ. ಮುಂಜಾನೆ ಆರಕ್ಕ ಬರ್ತಾನ, ಸಂಜೀತನಕ ಹೋಗೂದಿಲ್ಲ. ಆದ್ರ ನೀವೇನೂ ಚಿಂತಿ ಮಾಡಬ್ಯಾಡ್ರಿ. ನಾ ಇರೂತನಕ ಅಂವಾ ಗೇಟ್ ದಾಟೂದಿಲ್ಲ.’